ಪೀಣ್ಯದ ಮೋಟಾರುಗಳು: ನೇಮ್‌ಪ್ಲೇಟಿನಿಂದ ಪ್ಯಾನೆಲ್‌ವರೆಗೆ

ಬೆಂಗಳೂರಿನ ತುಮಕೂರು ರಸ್ತೆಯ ಬದಿಯಲ್ಲಿ 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್, ಮಿಲ್ಲಿಂಗ್ ಯಂತ್ರ, ಕಂಪ್ರೆಸರ್, ಪಂಪು ಹೀಗೆ ಯಾವುದನ್ನು ನೋಡಿದರೂ ಅದರ ಚಲನೆಗೆ ಮೂಲವಾಗಿ ವಿದ್ಯುತ್ ಮೋಟಾರೊಂದು ಇದ್ದೇ ಇರುತ್ತದೆ. ಮೋಟಾರಿನ ಮೈಮೇಲಿನ ನೇಮ್‌ಪ್ಲೇಟಿನಲ್ಲೂ ಗೋಡೆಯ ಪ್ಯಾನೆಲಿನೊಳಗಿನ ಸಾಧನಗಳ ಮೇಲೂ ಅಚ್ಚಾಗಿರುವ ಅಂಕಿ-ಅಕ್ಷರಗಳು ಎಲೆಕ್ಟ್ರಿಷಿಯನ್ನರಿಗೆ ಮಾತ್ರ ಸೇರಿದವೆಂಬ ಭಾವನೆ ಸಾಮಾನ್ಯವಾಗಿದ್ದರೂ, ಯಂತ್ರ ಎಷ್ಟು ದುಡಿಯಬಲ್ಲದು, ಎಷ್ಟು ಬಿಸಿ ತಾಳಬಲ್ಲದು, ಅಪಾಯ ಬಂದಾಗ ಹೇಗೆ ನಿಲ್ಲಬೇಕು ಎಂಬುದೆಲ್ಲ ಅಲ್ಲಿಯೇ ದಾಖಲಾಗಿರುವುದರಿಂದ, ಅವುಗಳ ಅರ್ಥವನ್ನು ಯಂತ್ರದ ಮುಂದೆ ನಿಲ್ಲುವ ಕಾರ್ಮಿಕರೂ ವಿದ್ಯುತ್ ಬಿಲ್ಲು ಕಟ್ಟುವ ಮಾಲೀಕರೂ ತಿಳಿದಿರುವುದು ಅಗತ್ಯ.

ಈ ನಾಡಿನಲ್ಲಿ ಮೋಟಾರಿನ ಚರಿತ್ರೆ ಪೀಣ್ಯಕ್ಕಿಂತ ಬಹಳ ಹಳೆಯದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗೆ. ಬೆಂಗಳೂರಿನ ಬೀದಿಗಳಿಗೆ ಆ ವಿದ್ಯುತ್ತಿನ ಬೆಳಕು ಬಂದದ್ದು 1905ರಲ್ಲಿ. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಬೆಂಗಳೂರಿನಲ್ಲಿ ಆರಂಭವಾಯಿತು; ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಸಂಸ್ಥೆಯ ಸಹಯೋಗದೊಡನೆ ಬೆಳೆದ ಎನ್‌ಜಿಇಎಫ್ ಕಾರ್ಖಾನೆಯೂ ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸುತ್ತಿತ್ತು. ಕಾರ್ಖಾನೆಗಳಲ್ಲಿ ಇಂದು ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಮೂರು ಫೇಸಿನ ಇಂಡಕ್ಷನ್ ಮೋಟಾರಿಗೆ 1889ರಲ್ಲಿ ಸರಳವೂ ಗಟ್ಟಿಮುಟ್ಟೂ ಆದ ರೂಪ ಕೊಟ್ಟ ಮಿಖಾಯಿಲ್ ದೊಲಿವೊ-ದೊಬ್ರೊವೊಲ್ಸ್ಕಿ ಅದೇ ಎಇಜಿಯ ಎಂಜಿನಿಯರ್ ಆಗಿದ್ದರು.

ಈ ಮೋಟಾರಿನಲ್ಲಿ ಎರಡು ಮುಖ್ಯ ಭಾಗಗಳಿವೆ. ಕದಲದೆ ನಿಂತಿರುವ ಹೊರಭಾಗ ಸ್ಟೇಟರ್. ಅದರ ಸೀಳುಗಳಲ್ಲಿ ತಾಮ್ರದ ತಂತಿಯ ಸುರುಳಿಗಳನ್ನು, ಅಂದರೆ ವೈಂಡಿಂಗನ್ನು ಜೋಡಿಸಿರುತ್ತಾರೆ. ಒಳಗೆ ತಿರುಗುವ ಭಾಗ ರೋಟರ್. ಅದರಲ್ಲಿ ಅಲ್ಯುಮಿನಿಯಂ ಅಥವಾ ತಾಮ್ರದ ಸರಳುಗಳು ಎರಡು ತುದಿಯ ಬಳೆಗಳಿಗೆ ಸೇರಿಕೊಂಡು ಪಂಜರದಂತೆ ಕಾಣುತ್ತವೆ. ಮೂರು ಫೇಸುಗಳ ವಿದ್ಯುತ್ತು ಒಂದರ ಹಿಂದೆ ಒಂದು ಏರಿಳಿಯುವುದರಿಂದ ಸ್ಟೇಟರಿನೊಳಗೆ ಸುತ್ತುವ ಕಾಂತಕ್ಷೇತ್ರವೊಂದು ಹುಟ್ಟುತ್ತದೆ. ಆ ಕ್ಷೇತ್ರ ರೋಟರಿನ ಸರಳುಗಳಲ್ಲಿ ವಿದ್ಯುತ್ತನ್ನು ಪ್ರೇರಿಸಿ ರೋಟರನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ. ರೋಟರಿಗೆ ಹೊರಗಿನಿಂದ ಯಾವ ತಂತಿಯನ್ನೂ ಜೋಡಿಸಬೇಕಿಲ್ಲದ ಕಾರಣ ಸವೆಯುವ ಬ್ರಷ್ಷುಗಳೂ ಇದಕ್ಕೆ ಬೇಕಿಲ್ಲ.

ಕಾಂತಕ್ಷೇತ್ರ ಸುತ್ತುವ ವೇಗವನ್ನು ಸಿಂಕ್ರೋನಸ್ ವೇಗವೆನ್ನುತ್ತಾರೆ. ವಿದ್ಯುತ್ತಿನ ಆವರ್ತನವನ್ನು 120ರಿಂದ ಗುಣಿಸಿ ವೈಂಡಿಂಗಿನ ಧ್ರುವಗಳ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ದೊರೆಯುವುದರಿಂದ, 50 ಹರ್ಟ್ಸ್ ಆವರ್ತನದಲ್ಲಿ ನಾಲ್ಕು ಧ್ರುವಗಳ ಮೋಟಾರಿಗೆ ಆ ವೇಗ 1500 ಸುತ್ತುಗಳಾಗುತ್ತದೆ. ಶಿವನಸಮುದ್ರದಲ್ಲಿ ಮೊದಲು ಉತ್ಪಾದಿಸಿದ್ದು 25 ಹರ್ಟ್ಸ್‌ನ ವಿದ್ಯುತ್ತಾದ್ದರಿಂದ, ಅಂಥದೇ ಮೋಟಾರು ಅದರಲ್ಲಿ 750ರ ವೇಗವನ್ನು ದಾಟುತ್ತಿರಲಿಲ್ಲ. ಆದರೆ ನೇಮ್‌ಪ್ಲೇಟಿನಲ್ಲಿ 1500ರ ಬದಲು 1440 ಎಂದು ಬರೆದಿದ್ದರೆ ಅದು ದೋಷವಲ್ಲ. ರೋಟರು ಕಾಂತಕ್ಷೇತ್ರಕ್ಕಿಂತ ಸ್ವಲ್ಪ ಹಿಂದೆ ಬಿದ್ದಾಗಲೇ ಅದರಲ್ಲಿ ವಿದ್ಯುತ್ತು ಪ್ರೇರಿತವಾಗುವುದರಿಂದ ಆ ಅಂತರ ಅನಿವಾರ್ಯ. ಸ್ಲಿಪ್ ಎಂದು ಕರೆಯುವ ಆ ಅಂತರ ಇಲ್ಲಿ ಶೇ. 4ರಷ್ಟಿದೆ.

ನೇಮ್‌ಪ್ಲೇಟಿನ ಇತರ ವಿವರಗಳೂ ಇಷ್ಟೇ ಅರ್ಥಪೂರ್ಣವಾಗಿವೆ. ಪೀಣ್ಯದಲ್ಲಿ ಮೋಟಾರಿನ ಗಾತ್ರವನ್ನು ಈಗಲೂ ಎಚ್‌ಪಿಯಲ್ಲೇ ಹೇಳುವುದು ರೂಢಿ. ಒಂದು ಎಚ್‌ಪಿ ಎಂದರೆ 746 ವಾಟ್ ಆಗುವುದರಿಂದ ಐದು ಎಚ್‌ಪಿಯ ಮೋಟಾರಿನ ಮೇಲೆ 3.7 ಕಿಲೋವಾಟ್ ಎಂದಿರುತ್ತದೆ. ಇದು ಮೋಟಾರಿನ ಶಾಫ್ಟು ಕೊಡುವ ಶಕ್ತಿ. ತಂತಿಯಿಂದ ಅದು ಎಳೆದುಕೊಳ್ಳುವ ವಿದ್ಯುತ್ತು ಇದಕ್ಕಿಂತ ಹೆಚ್ಚು. ಈ ವ್ಯತ್ಯಾಸ ಎಷ್ಟು ಕಡಿಮೆಯೋ ಮೋಟಾರಿನ ದಕ್ಷತೆ ಅಷ್ಟು ಹೆಚ್ಚು. ಭಾರತೀಯ ಮಾನಕ ಐಎಸ್ 12615 ದಕ್ಷತೆಯನ್ನು ಐಇ2, ಐಇ3 ಮುಂತಾದ ದರ್ಜೆಗಳಲ್ಲಿ ಸೂಚಿಸುತ್ತದೆ. ಎಫ್ ಎಂಬ ಅಕ್ಷರ ವೈಂಡಿಂಗಿನ ನಿರೋಧಕ ಹೊದಿಕೆ 155 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ತಾಳುತ್ತದೆಂದೂ, ಐಪಿ55 ಎಂಬುದು ಹಾನಿ ಮಾಡುವಷ್ಟು ಧೂಳು ಒಳಹೋಗದಂತೆಯೂ ಚಿಮ್ಮುವ ನೀರು ಕೆಡಿಸದಂತೆಯೂ ರಕ್ಷಣೆಯಿದೆಯೆಂದೂ, ಎಸ್1 ಎಂಬುದು ನಿಗದಿತ ಭಾರದಲ್ಲಿ ಎಡೆಬಿಡದೆ ಓಡಬಲ್ಲದೆಂದೂ ತಿಳಿಸುತ್ತವೆ.

ನಿಂತ ಮೋಟಾರನ್ನು ನೇರವಾಗಿ ಪೂರ್ಣ ವೋಲ್ಟೇಜಿಗೆ ಜೋಡಿಸಿದರೆ ಆರಂಭದ ಕ್ಷಣಗಳಲ್ಲಿ ಅದು ಪೂರ್ಣಭಾರದ ಕರೆಂಟಿಗಿಂತ ಸುಮಾರು ಆರೇಳು ಪಟ್ಟು ಹೆಚ್ಚು ಎಳೆಯುತ್ತದೆ. ಸಣ್ಣ ಮೋಟಾರುಗಳಿಗೆ ಈ ನೇರ ವಿಧಾನವೇ ಸಾಕಾಗುತ್ತದೆ. ಇದಕ್ಕೆ ಬಳಸುವ ಸ್ಟಾರ್ಟರಿಗೆ ಡಿಒಎಲ್ ಎಂದು ಹೆಸರು. ದೊಡ್ಡ ಮೋಟಾರುಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ಬಳಸುತ್ತಾರೆ. ಇದು ವೈಂಡಿಂಗುಗಳನ್ನು ಮೊದಲು ಸ್ಟಾರ್ ರೀತಿಯಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಶೇ. 58ರಷ್ಟು ವೋಲ್ಟೇಜನ್ನು ಮಾತ್ರ ಕೊಟ್ಟು, ವೇಗ ಹಿಡಿದ ಮೇಲೆ ಡೆಲ್ಟಾ ಜೋಡಣೆಗೆ ಬದಲಿಸುತ್ತದೆ. ಹೀಗೆ ಮಾಡಿದಾಗ ಆರಂಭದ ಕರೆಂಟು ಮೂರನೆಯ ಒಂದಕ್ಕೆ ಇಳಿಯುತ್ತದೆಯಾದರೂ, ಟಾರ್ಕ್ ಎನ್ನುವ ತಿರುಗಿಸುವ ಬಲವೂ ಅಷ್ಟೇ ಪ್ರಮಾಣಕ್ಕೆ ಇಳಿಯುವುದರಿಂದ, ಮೊದಲ ಸುತ್ತಿನಿಂದಲೇ ಪೂರ್ಣ ಭಾರ ಹೊರಬೇಕಾದ ಯಂತ್ರಗಳಿಗೆ ಈ ವಿಧಾನ ಹೊಂದುವುದಿಲ್ಲ.

ಸ್ಟಾರ್ಟರಿನೊಳಗೆ ಈ ಜೋಡಣೆಯನ್ನು ಮಾಡುವ ಸಾಧನ ಕಾಂಟ್ಯಾಕ್ಟರ್. ಅದರ ಕಾಯಿಲಿಗೆ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಸಂಪರ್ಕಗಳನ್ನು ಎಳೆದು ಕೂಡಿಸುತ್ತದೆ. ಸುಮ್ಮನಿರುವಾಗ ತೆರೆದಿರುವ ಸಂಪರ್ಕ ಎನ್‌ಒ, ಮುಚ್ಚಿರುವುದು ಎನ್‌ಸಿ. ಹಸಿರು ಗುಂಡಿಗೆ ಎನ್‌ಒ ಸಂಪರ್ಕವನ್ನೂ ಕೆಂಪು ಗುಂಡಿಗೆ ಎನ್‌ಸಿ ಸಂಪರ್ಕವನ್ನೂ ಬಳಸುವ ಪದ್ಧತಿಯ ಹಿಂದೆ ಸುರಕ್ಷತೆಯ ಲೆಕ್ಕಾಚಾರವಿದೆ: ಕೆಂಪು ಗುಂಡಿಯ ತಂತಿ ತುಂಡಾದರೆ ಕಾಯಿಲಿಗೆ ಹರಿಯುವ ವಿದ್ಯುತ್ತು ತಪ್ಪಿ ಯಂತ್ರ ತಾನಾಗಿ ನಿಲ್ಲುತ್ತದೆ. ಹಸಿರು ಗುಂಡಿಯಿಂದ ಬೆರಳು ತೆಗೆದ ಮೇಲೂ ಕಾಂಟ್ಯಾಕ್ಟರಿನದೇ ಇನ್ನೊಂದು ಸಂಪರ್ಕ ಕಾಯಿಲನ್ನು ಹಿಡಿದಿಟ್ಟಿರುತ್ತದೆ. ಕರೆಂಟು ಹೋದಾಗ ಆ ಹಿಡಿತ ಬಿಟ್ಟುಹೋಗುವುದರಿಂದ, ಮತ್ತೆ ಕರೆಂಟು ಬಂದೊಡನೆ ಯಂತ್ರ ತಾನೇ ತಿರುಗಿ ಕಾರ್ಮಿಕರ ಕೈಗೆ ಅಪಾಯ ಒಡ್ಡುವುದಿಲ್ಲ.

ಫ್ಯೂಸು ಮತ್ತು ಎಂಸಿಬಿಗಳು ಮುಖ್ಯವಾಗಿ ಶಾರ್ಟ್ ಸರ್ಕ್ಯೂಟಿನಿಂದ ಕಾಪಾಡುತ್ತವೆ. ನಿಧಾನವಾಗಿ ಏರುವ ಬಿಸಿಯಿಂದ ಮೋಟಾರನ್ನು ಕಾಪಾಡುವುದು ಓವರ್‌ಲೋಡ್ ರಿಲೇ. ಮೂರು ಫೇಸುಗಳಲ್ಲಿ ಒಂದು ಹೋದರೂ ಓಡುತ್ತಿರುವ ಮೋಟಾರು ನಿಲ್ಲದೆ ಉಳಿದೆರಡರಿಂದ ಹೆಚ್ಚು ಕರೆಂಟು ಎಳೆಯುತ್ತದೆ. ಸಿಂಗಲ್ ಫೇಸಿಂಗ್ ಎನ್ನುವ ಈ ಸ್ಥಿತಿ ವೈಂಡಿಂಗ್ ಸುಡಲು ಒಂದು ಪ್ರಮುಖ ಕಾರಣ. ರಿಲೇಯನ್ನು ನೇಮ್‌ಪ್ಲೇಟಿನಲ್ಲಿರುವ ಆಂಪಿಯರಿಗೆ ಹೊಂದಿಸಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಅದು ವೈಂಡಿಂಗಿನ ದಾರಿಯಲ್ಲೇ ಇದ್ದರೆ ಆ ಅಂಕಿಯ ಶೇ. 58ಕ್ಕೆ ಹೊಂದಿಸಬೇಕು. ರಿಲೇ ಪದೇ ಪದೇ ಟ್ರಿಪ್ ಆಗಿ ಯಂತ್ರ ನಿಲ್ಲುತ್ತದೆಂದು ಕಾರಣ ಹುಡುಕದೆ ರಿಲೇಯ ಅಂಕಿಯನ್ನು ಏರಿಸಿದರೆ, ಇಲ್ಲದ ರಕ್ಷಣೆಯನ್ನು ಇದೆಯೆಂದು ನಂಬಿದಂತಾಗುತ್ತದೆ.

ಕಳೆದ ಕೆಲವು ದಶಕಗಳ ದೊಡ್ಡ ಬದಲಾವಣೆ ವಿಎಫ್‌ಡಿ. ಕಾರ್ಖಾನೆಗಳಲ್ಲಿ ಇದನ್ನು ಬರೀ ಡ್ರೈವ್ ಎನ್ನುತ್ತಾರೆ, ಎಬಿಬಿ ಸಂಸ್ಥೆ ಪೀಣ್ಯದಲ್ಲೇ ಇವನ್ನು ತಯಾರಿಸುತ್ತದೆ. ಬಂದ ಎಸಿ ವಿದ್ಯುತ್ತನ್ನು ಡಿಸಿಗೆ ಬದಲಿಸಿ, ಅದರಿಂದ ಬೇಕಾದ ಆವರ್ತನದ ಎಸಿಯನ್ನು ಮತ್ತೆ ರೂಪಿಸುವ ಈ ಸಾಧನ ಆವರ್ತನವನ್ನು ಬದಲಿಸುತ್ತ ಮೋಟಾರಿನ ವೇಗವನ್ನೇ ಬದಲಿಸುತ್ತದೆ. ಫ್ಯಾನು ಮತ್ತು ಪಂಪುಗಳಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಶೇ. 80ಕ್ಕೆ ಇಳಿಸಿದರೆ ಶಕ್ತಿಯ ಬೇಡಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳಲ್ಲಾಗಲಿ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ನೆಲೆಗೊಳಿಸಿದ ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳಲ್ಲಾಗಲಿ, ಹವಾನಿಯಂತ್ರಣ ಮತ್ತು ನೀರಿನ ಪಂಪುಗಳ ವಿದ್ಯುತ್ ವೆಚ್ಚಕ್ಕೆ ಈ ಲೆಕ್ಕ ನೇರವಾಗಿ ಅನ್ವಯಿಸುತ್ತದೆ.

ಸುಟ್ಟ ಮೋಟಾರನ್ನು ರಿವೈಂಡಿಂಗಿಗೆ ಕಳುಹಿಸುವ ಮುನ್ನ ನೇಮ್‌ಪ್ಲೇಟಿನ ಪ್ರತಿಯೊಂದು ವಿವರವನ್ನೂ ಬರೆದಿಟ್ಟುಕೊಳ್ಳಬೇಕು. ತಂತಿಯ ದಪ್ಪ ಅಥವಾ ಸುತ್ತುಗಳ ಸಂಖ್ಯೆ ಬದಲಾದರೆ ಮೋಟಾರು ಓಡಿದರೂ ದಕ್ಷತೆ ಕುಸಿದು ಬಿಲ್ಲು ಏರುತ್ತದೆ. ಪ್ರತಿ ಪ್ಯಾನೆಲಿನ ಪಕ್ಕದಲ್ಲಿ ಆಯಾ ಯಂತ್ರದ ಆಂಪಿಯರ್, ವೇಗ, ರಿಲೇ ಹೊಂದಿಕೆ ಮತ್ತು ತುರ್ತು ನಿಲುಗಡೆಯ ವಿವರಗಳನ್ನು ಕನ್ನಡದಲ್ಲಿ ಬರೆದು ಅಂಟಿಸುವ ಕೆಲಸವನ್ನು ಸಣ್ಣ ಕೈಗಾರಿಕೆಗಳ ಮಾಲೀಕರು ಇನ್ನಾದರೂ ಕೈಗೊಳ್ಳಬೇಕು.