ಉಸಿರೋ, ನಾಡಿಯೋ? ಹೈದರಾಬಾದಿನ ಕ್ಲೋರೋಫಾರ್ಮ್ ವ್ಯಾಜ್ಯ

ಮಾಗಡಿ ರಸ್ತೆಯ ಹೇರೋಹಳ್ಳಿಯಿಂದ ರಾಜಾಜಿನಗರದವರೆಗೆ ಯಾವ ನರ್ಸಿಂಗ್ ಹೋಮಿಗೆ ಹರ್ನಿಯಾ ಆಪರೇಷನ್ನಿಗೆಂದು ಹೋದರೂ, ಮೇಜಿನ ಮೇಲೆ ಮಲಗಿಸಿದ ಕೂಡಲೇ ಬೆರಳಿಗೊಂದು ಕ್ಲಿಪ್ಪು ಸಿಕ್ಕಿಸುತ್ತಾರೆ. ಉಗುರಿಗೆ ಬಣ್ಣ ಹಚ್ಚಿದ್ದರೆ ಅಳಿಸಿ ಬರಲು ಮೊದಲೇ ಹೇಳಿರುತ್ತಾರೆ. 2020-21ರ ಕೋವಿಡ್ ದಿನಗಳಲ್ಲಿ ಇದೇ ಕ್ಲಿಪ್ಪು ಆಕ್ಸಿಮೀಟರ್ ಎಂಬ ಹೆಸರಿನಲ್ಲಿ ಮನೆಮನೆಗೂ ಬಂತು; 94 ಇದೆಯೋ 95 ಇದೆಯೋ ಎಂದು ನೋಡಿಕೊಳ್ಳದೆ ದಿನ ಕಳೆಯುತ್ತಿರಲಿಲ್ಲ. ಅರಿವು ತಪ್ಪಿಸಿ ಮಲಗಿಸಿದ ಮನುಷ್ಯನನ್ನು ಕಾಯುವುದು ಹೇಗೆ, ಅವನಲ್ಲಿ ಏನನ್ನು ಗಮನಿಸಬೇಕು ಎಂಬ ಹಳೆಯ ಪ್ರಶ್ನೆಗೆ ಈ ಪುಟ್ಟ ಸಾಧನ ಒಂದು ಉತ್ತರ. ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ಪ್ರಶ್ನೆಯನ್ನು ಪರೀಕ್ಷೆಗೊಡ್ಡಿದ್ದು ಹೈದರಾಬಾದಿನಲ್ಲಿ. ಬೀದರ, ಗುಲ್ಬರ್ಗ, ರಾಯಚೂರುಗಳನ್ನೂ ಒಳಗೊಂಡಿದ್ದ ನಿಜಾಮ ಸಂಸ್ಥಾನದ ರಾಜಧಾನಿ ಅದು.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಮೂಸಿಸಿ ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಬಹಿರಂಗವಾಗಿ ತೋರಿಸಿದ. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದ. ವಾಸನೆ ಹಿತ, ಕೆಲಸ ಚುರುಕು, ಒಂದು ಕರವಸ್ತ್ರವಿದ್ದರೆ ಸಾಕು. ಆದರೆ 1848ರ ಜನವರಿ 28ರಂದು ಇಂಗ್ಲೆಂಡಿನ ಹಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ, ಕಾಲಿನ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರ್ಮ್ ತೆಗೆದುಕೊಂಡು ನಿಮಿಷಗಳಲ್ಲೇ ತೀರಿಕೊಂಡಳು. ಉಗುರಿಗಾಗಿ ಪ್ರಾಣ ಹೋಯಿತು. ಏಕೆ ಹೋಯಿತು ಎಂದು ಯಾರಿಗೂ ಖಚಿತವಿರಲಿಲ್ಲ.

ವೈದ್ಯರಲ್ಲಿ ಎರಡು ಪಕ್ಷಗಳಾದವು. ಕ್ಲೋರೋಫಾರ್ಮ್ ಕೆಲವೊಮ್ಮೆ ನೇರವಾಗಿ ಹೃದಯವನ್ನೇ ನಿಲ್ಲಿಸುತ್ತದೆ, ಆದ್ದರಿಂದ ಪ್ರಮಾಣವನ್ನು ಅಳೆದು ಕೊಡಬೇಕು, ನಾಡಿ ಹಿಡಿದೇ ಇರಬೇಕು ಎಂದು ಲಂಡನ್ನಿನಲ್ಲಿ ಹೆಚ್ಚಿನವರ ಮತ. ಅಲ್ಲಿನ ಜಾನ್ ಸ್ನೋ 50 ಸಾವುಗಳ ವಿವರ ಕಲೆಹಾಕಿ ಒಂದೊಂದನ್ನೂ ಪರಿಶೀಲಿಸಿದ್ದ. ಎಡಿನ್‌ಬರೋದ ಸೈಮ್ ಮತ್ತು ಅವನ ಶಿಷ್ಯರದು ಬೇರೆ ಮಾತು: ಮೊದಲು ಕೈಕೊಡುವುದು ಉಸಿರು, ಅದನ್ನು ಕಾಯ್ದುಕೊಂಡರೆ ಹೃದಯ ತಾನೇ ಉಳಿಯುತ್ತದೆ, ನಾಡಿ ನೋಡುತ್ತ ಕೂತರೆ ಗಮನ ತಪ್ಪುತ್ತದೆ.

ಸೈಮ್‌ನ ಶಿಷ್ಯ ಎಡ್ವರ್ಡ್ ಲಾರಿ ಹೈದರಾಬಾದಿನಲ್ಲಿ ರೆಸಿಡೆನ್ಸಿ ಸರ್ಜನ್ ಆಗಿದ್ದ. ಗುರುವಿನ ಮಾತೇ ಅವನಿಗೆ ಪ್ರಮಾಣ. 1888ರಲ್ಲಿ ಒಂದು ಆಯೋಗ ಮಾಡಿಕೊಂಡು ನಾಯಿಗಳ ಮೇಲೆ ಪ್ರಯೋಗ ನಡೆಸಿ, ಉಸಿರೇ ಮೊದಲು ನಿಲ್ಲುತ್ತದೆ ಎಂದು ಸಾರಿದ. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಒಪ್ಪಲಿಲ್ಲ. ಹಾಗಾದರೆ ನಿಮ್ಮವರನ್ನೇ ಕಳಿಸಿ, ಖರ್ಚು ನಮ್ಮದು ಎಂದು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಸಾವಿರ ಪೌಂಡು ಮುಂದಿಟ್ಟ. 1889ರಲ್ಲಿ ಲಾಡರ್ ಬ್ರಂಟನ್ ಎಂಬ ಖ್ಯಾತ ಔಷಧ ವಿಜ್ಞಾನಿ ಹಡಗು ಹತ್ತಿ ಬಂದ. ಕ್ಲೋರೋಫಾರ್ಮಿನಿಂದ ಹೃದಯಕ್ಕೆ ಅಪಾಯವಿದೆ ಎಂದೇ ಅವನು ನಂಬಿದ್ದು. ಸುಮಾರು 430 ಪ್ರಾಣಿಗಳ ಮೇಲೆ, ಅದರಲ್ಲೂ ಹೆಚ್ಚಾಗಿ ನಾಯಿ ಮತ್ತು ಕೋತಿಗಳ ಮೇಲೆ, ಪ್ರಯೋಗಗಳಾದವು. ರಕ್ತದ ಒತ್ತಡ, ಉಸಿರಾಟಗಳು ಯಂತ್ರದ ಮೂಲಕ ಕಾಗದದ ಮೇಲೆ ಗೆರೆಗಳಾಗಿ ದಾಖಲಾದವು. ಇಷ್ಟು ಜೀವಗಳನ್ನು ಹೀಗೆ ತೆಗೆಯಲು ಇಂದು ಯಾವ ನೀತಿ ಸಮಿತಿಯೂ ಒಪ್ಪಲಾರದು. ಕಡೆಗೆ ಬ್ರಂಟನ್ನನೂ ಲಾರಿಯ ಪಕ್ಷಕ್ಕೆ ಬಂದ. ಉಸಿರನ್ನು ನೋಡಿ, ನಾಡಿಯನ್ನು ಬಿಡಿ ಎಂಬ ತೀರ್ಪು ಹೈದರಾಬಾದಿನಿಂದ ಲಂಡನ್ನಿಗೆ ಹೋಯಿತು. ಇಲ್ಲಿನ ವೈದ್ಯಶಾಲೆಯಲ್ಲಿ 1889ರಲ್ಲಿ ಓದು ಮುಗಿಸಿದ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆಯೆಂದು ಹಲವರು ಗುರುತಿಸುತ್ತಾರೆ.

ತೀರ್ಪಿನ ಅರ್ಧ ಸರಿ, ಅರ್ಧ ತಪ್ಪು. ಉಸಿರಾಟವನ್ನು ಕ್ಷಣಕ್ಷಣಕ್ಕೂ ಗಮನಿಸಬೇಕೆಂಬುದು ಇಂದಿಗೂ ಅರಿವಳಿಕೆಯ ಮೊದಲ ಪಾಠ. ತಪ್ಪಾಗಿದ್ದು 'ಹೃದಯಕ್ಕೆ ಭಯವಿಲ್ಲ' ಎಂಬ ಭರವಸೆ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಲ್ಲಿ ಗುಟ್ಟನ್ನು ಹೊರಗೆಡಹಿದ: ಕ್ಲೋರೋಫಾರ್ಮ್ ಹೆಚ್ಚಾದಾಗಲ್ಲ, ಅರೆಬರೆ ಇರುವಾಗಲೇ ಈ ಬಗೆಯ ಅಪಾಯ. ಆಗ ಮೈಯಲ್ಲಿ ಅಡ್ರಿನಲಿನ್ ಏರಿದರೆ ಹೃದಯದ ಕೆಳಕೋಣೆಗಳು ಲಯ ತಪ್ಪಿ ಸುಮ್ಮನೆ ಅದುರತೊಡಗುತ್ತವೆ, ರಕ್ತ ಮುಂದೆ ಸಾಗುವುದಿಲ್ಲ. ಹೆದರಿದ ಮನುಷ್ಯನ ಮೈಯಲ್ಲಿ ಅಡ್ರಿನಲಿನ್ನಿಗೆ ಕೊರತೆಯೆಲ್ಲಿ? ಹಾನಾಳ ಸಾವೂ ಅರಿವಳಿಕೆಯ ಆರಂಭದಲ್ಲೇ ಆದದ್ದು. ಉಸಿರು ನಿಲ್ಲುವವರೆಗೂ ಮದ್ದು ಏರಿಸುತ್ತ ಹೋದ ಹೈದರಾಬಾದಿನ ಪ್ರಯೋಗಗಳಿಗೆ ಇದು ಸಿಕ್ಕುವಂತಿರಲಿಲ್ಲ. ತಾವು ಕಾಣದ್ದು ಇಲ್ಲವೇ ಇಲ್ಲ ಎಂದದ್ದೇ ಆಯೋಗದ ದೋಷ ಎನ್ನಬೇಕು.

ಆಮೇಲಿನ ಕಥೆ ಎರಡನ್ನೂ ನೋಡುವ ಕಥೆ. 1894ರ ಸುಮಾರಿಗೆ ಬಾಸ್ಟನ್ನಿನಲ್ಲಿ ಕಾಡ್ಮನ್ ಮತ್ತು ಕುಶಿಂಗ್ ನಾಡಿ, ಉಸಿರಾಟಗಳನ್ನು ಹಾಳೆಯ ಮೇಲೆ ಬರೆದಿಡುವ ರೂಢಿ ಹಾಕಿದರು. ಮೈ ನೀಲಿಯಾಗುವುದನ್ನು ಕಣ್ಣಿನಿಂದ ಗುರುತಿಸಬಹುದೆಂಬ ನಂಬಿಕೆ ಮಾತ್ರ ಬಹುಕಾಲ ಉಳಿಯಿತು. 1947ರಲ್ಲಿ ಕಾಮ್ರೋ ಮತ್ತು ಬೊಟೆಲ್ಹೊ ಪರೀಕ್ಷಿಸಿದರೆ, ರಕ್ತದ ಆಮ್ಲಜನಕ ಶೇಕಡಾ 80ರ ಆಸುಪಾಸಿಗೆ ಇಳಿಯುವವರೆಗೆ ನೋಡುವವರಲ್ಲಿ ಹೆಚ್ಚಿನವರಿಗೆ ಅದು ಖಚಿತವಾಗಿ ತಿಳಿಯುತ್ತಲೇ ಇರಲಿಲ್ಲ.

ಜಪಾನಿನ ಇಂಜಿನಿಯರ್ ತಕುವೊ ಅಒಯಾಗಿ 1974ರಲ್ಲಿ ರೂಪಿಸಿದ ಪಲ್ಸ್ ಆಕ್ಸಿಮೀಟರಿನ ತತ್ವ ಈ ಕೊರತೆ ನೀಗಿತು. ಕೆಂಪು ಬೆಳಕು, ಕಣ್ಣಿಗೆ ಕಾಣದ ಅವಗೆಂಪು ಬೆಳಕು, ಎರಡನ್ನೂ ಬೆರಳಿನ ಮೂಲಕ ಹಾಯಿಸುತ್ತಾರೆ. ಆಮ್ಲಜನಕ ಹೊತ್ತ ರಕ್ತ ಕೆಂಪನ್ನು ಹೆಚ್ಚಾಗಿ ಹಾಯಗೊಡುತ್ತದೆ, ಹೊರದ ರಕ್ತ ಹೀರಿಕೊಳ್ಳುತ್ತದೆ. ಮೂಳೆ, ಚರ್ಮಗಳು ಹೀರುವ ಬೆಳಕು ಬದಲಾಗದು. ನಾಡಿಯೊಡನೆ ಏರಿಳಿಯುವ ಪಾಲನ್ನಷ್ಟೇ ಬೇರ್ಪಡಿಸಿದರೆ ಅಪಧಮನಿಯ ರಕ್ತದ ಲೆಕ್ಕ ಸಿಗುತ್ತದೆ. ಥಿಯೇಟರಿನಲ್ಲಿ ಕೇಳುವ 'ಟಕ್ ಟಕ್' ಸದ್ದಿನ ವೇಗ ನಾಡಿಯದು, ಸ್ವರದ ಎತ್ತರ ಆಮ್ಲಜನಕದ್ದು; ಸ್ವರ ಇಳಿದರೆ ಪರದೆ ನೋಡದೆಯೂ ವೈದ್ಯರಿಗೆ ತಿಳಿಯುತ್ತದೆ. ಹಾರ್ವರ್ಡಿನ ಆಸ್ಪತ್ರೆಗಳು 1986ರಲ್ಲಿ ಪ್ರಕಟಿಸಿದ ಕನಿಷ್ಠ ನಿಯಮಗಳಲ್ಲಿ ಮಾತ್ರ ಯಂತ್ರಕ್ಕಿಂತ ಮುಂಚಿನ ಷರತ್ತೊಂದಿತ್ತು: ಅರಿವಳಿಕೆ ಕೊಟ್ಟವರು ಉದ್ದಕ್ಕೂ ಕೊಠಡಿಯಲ್ಲೇ ಇರಬೇಕು.

ಕ್ಲಿಪ್ಪಿನಿಂದ ಜೀವ ಉಳಿಯಿತೆಂದು ಪ್ರಯೋಗದಲ್ಲಿ ತೋರಿಸುವುದು ಅಷ್ಟು ಸುಲಭವಾಗಲಿಲ್ಲ. 1993ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ 20,802 ರೋಗಿಗಳನ್ನು ಕ್ಲಿಪ್ಪು ಇರುವವರು, ಇಲ್ಲದವರು ಎಂದು ವಿಂಗಡಿಸಿದರು. ಕ್ಲಿಪ್ಪು ಇದ್ದವರಲ್ಲಿ ಆಮ್ಲಜನಕದ ಕೊರತೆ ಎಷ್ಟೋ ಪಟ್ಟು ಹೆಚ್ಚು ಬಾರಿ ಪತ್ತೆಯಾಯಿತು. ಸಾವುಗಳ ಸಂಖ್ಯೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆ ಹೊತ್ತಿಗಾಗಲೇ ಸಾವು ಅಷ್ಟು ಅಪರೂಪವಾಗಿತ್ತು. ಹಾಗೆಂದು ಕ್ಲಿಪ್ಪನ್ನು ಕಳಚಿಡಲು ಯಾರೂ ಮುಂದಾಗಲಿಲ್ಲ.

ನಮ್ಮ ಕಡೆಯವರಿಗೆ ಹೆಚ್ಚು ಸಂಬಂಧಿಸಿದ ಸಂಗತಿ ತಡವಾಗಿ ಬಂತು. ಈ ಬೆಳಕು ಚರ್ಮವನ್ನು ದಾಟಿಯೇ ಹೋಗಬೇಕಲ್ಲವೆ? ಕಪ್ಪು ಜನರಲ್ಲಿ ಆಮ್ಲಜನಕದ ಕೊರತೆಯನ್ನು ಕ್ಲಿಪ್ಪು ಗುರುತಿಸದೇ ಹೋಗುವುದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತಿಳಿಸಿತು. ಬೇರೆಬೇರೆ ಮೈಬಣ್ಣದವರ ಮೇಲೆ ಪರೀಕ್ಷಿಸಿದ ಯಂತ್ರಗಳೇ ಬರಬೇಕೆಂದು ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಕರಡು ಸೂಚನೆ ಹೊರಡಿಸಿದ್ದು 2025ರ ಜನವರಿಯಲ್ಲಿ.