ಹೆಸರು ಹೇಳು, ಊರು ಹೇಳು

ಬಾಗಲಕೋಟೆಯ ನವನಗರದ ಮಾಳಿಗೆಯೊಂದರ ಮೇಲೆ, ಸಂಜೆ ಆರೂವರೆಗೆ, ಬಲಗೈಯಲ್ಲಿ ಆಂಟೆನಾ ಹಿಡಿದು ನೈಋತ್ಯಕ್ಕೆ ಮುಖ ಮಾಡಿ ನಿಂತಿದ್ದೇನೆ. ಆಂಟೆನಾ ಎಂದರೆ ಬಡಗಿಯ ಉಕ್ಕಿನ ಅಳತೆಪಟ್ಟಿಯನ್ನು ತುಂಡು ಮಾಡಿ ನಲ್ಲಿ ನೀರಿನ ಪ್ಲಾಸ್ಟಿಕ್ ಪೈಪಿಗೆ ಅಡ್ಡಡ್ಡ ಬಿಗಿದದ್ದು, ಅಷ್ಟೇ. ಹೆಡ್‌ಫೋನಿನೊಳಗೆ ಬರೀ ಸುಯ್ಯೆನ್ನುವ ಸದ್ದು. ಕೆಳಗೆ ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು ಆಟ ನಿಲ್ಲಿಸಿ ಮೇಲೆ ನೋಡುತ್ತಿದ್ದಾರೆ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಸುಯ್ಯೆನ್ನುವ ಸದ್ದು ತೆಳುವಾಗುತ್ತ ಬಂದು, ಅದರ ತಳದಿಂದ ಒಂದು ದನಿ ಎದ್ದಿತು. ಅರಬ್ಬೀ ಲಯದ ಇಂಗ್ಲಿಷಿನಲ್ಲಿ ಯಾರೋ ತಮ್ಮ ಕರೆಸಂಕೇತ ಹೇಳುತ್ತಿದ್ದಾರೆ. ಅರಬ್ಬೀ ಸಮುದ್ರದ ಆಚೆ ದಡದ ಮನುಷ್ಯ. ನಮ್ಮಿಬ್ಬರ ನಡುವೆ ದೂರವಾಣಿಯ ತಂತಿಯಿಲ್ಲ, ಮೊಬೈಲ್ ಗೋಪುರವಿಲ್ಲ, ಇಂಟರ್‌ನೆಟ್ ಇಲ್ಲ. ಇರುವುದು ಆಕಾಶದಲ್ಲಿ ಓಡುತ್ತಿರುವ ಒಂದು ಪುಟ್ಟ ಪೆಟ್ಟಿಗೆ.

ಆ ಪೆಟ್ಟಿಗೆಗೆ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು ಎಸ್‌ಒ-50 ಎನ್ನುತ್ತಾರೆ. ಸೌದಿ ಅರೇಬಿಯಾ ನಿರ್ಮಿಸಿದ ಉಪಗ್ರಹ. 2002ರ ಡಿಸೆಂಬರ್ 20ರಂದು ಮೇಲೆ ಹೋಯಿತು. ಅದು ನೆಲಕ್ಕೆ ಕಳಿಸುವ ಶಕ್ತಿ ಕಾಲು ವಾಟ್. ದೇವರ ಮನೆಯಲ್ಲಿ ರಾತ್ರಿಯಿಡೀ ಉರಿಯುವ ಅರ್ಧ ವಾಟಿನ ಎಲ್‌ಇಡಿ ದೀಪವಿದೆಯಲ್ಲ, ಅದರ ಅರ್ಧ! ಅಷ್ಟು ಬೆಳಕಿನಷ್ಟು ರೇಡಿಯೊ ಶಕ್ತಿ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಮೇಲಿಂದ ಅಳತೆಪಟ್ಟಿಯ ಚೂರುಗಳ ಮೇಲೆ ಬಿದ್ದು ಮನುಷ್ಯನ ಮಾತಾಗುತ್ತದೆ. ಎಷ್ಟು ಸಲ ಕೇಳಿದರೂ ನನಗೆ ಇದು ಹಳತಾಗಿಲ್ಲ.

ಇಂಥ ಉಪಗ್ರಹ ದಿಗಂತದಲ್ಲಿ ಹುಟ್ಟಿ ಮುಳುಗುವಷ್ಟರಲ್ಲಿ ಹೆಚ್ಚೆಂದರೆ ಹನ್ನೆರಡು, ಹದಿಮೂರು ನಿಮಿಷ. ಹ್ಯಾಮ್‌ಗಳ ಬಾಯಲ್ಲಿ ಇದು ‘ಪಾಸ್’. ಒಂದೇ ದಾರಿ, ಅದರ ಮೇಲೆ ಹತ್ತಾರು ಮಂದಿ ಕಾದಿರುತ್ತಾರೆ. ಹಾಗಾಗಿ ಹವೆ, ಮಳೆ, ಮಕ್ಕಳ ಓದು ಎಂದು ಹರಟುವಂತಿಲ್ಲ. ಒಬ್ಬೊಬ್ಬರಿಗೆ ಹತ್ತು ಸೆಕೆಂಡು. ಅಷ್ಟರಲ್ಲಿ ಹೇಳಲೇಬೇಕಾದ ಮಾತು ಎರಡೇ: ನಾನು ಯಾರು, ನಾನು ಎಲ್ಲಿದ್ದೇನೆ. ಅವರೂ ಅವೆರಡನ್ನು ಹೇಳುತ್ತಾರೆ. ಕೊನೆಗೆ ‘ಸೆವೆಂಟಿ ಥ್ರೀ’ ಅಂದರೆ ಶುಭಾಶಯ. ಸಂಪರ್ಕ ಮುಗಿಯಿತು.

‘ಎಲ್ಲಿ’ ಎಂಬುದನ್ನು ಹೇಳಲು ಊರಿನ ಹೆಸರು ಸಾಲದು. ಬಾಗಲಕೋಟೆ ಎಂದರೆ ಒಮಾನಿನವನಿಗೆ ಏನು ತಿಳಿದೀತು? ಅದಕ್ಕೊಂದು ಚೊಕ್ಕ ಉಪಾಯವಿದೆ. 1980ರಲ್ಲಿ ಇಂಗ್ಲೆಂಡಿನ ಮೇಡನ್‌ಹೆಡ್ ಎಂಬಲ್ಲಿ ಸೇರಿದ ಹ್ಯಾಮ್‌ಗಳು ಇಡೀ ಭೂಮಿಯನ್ನು 32,400 ಚೌಕಗಳಾಗಿ ಹಂಚುವ ಪದ್ಧತಿಯನ್ನು ಒಪ್ಪಿಕೊಂಡರು. ಒಂದೊಂದು ಚೌಕ ಅಕ್ಷಾಂಶದಲ್ಲಿ ಒಂದು ಡಿಗ್ರಿ, ರೇಖಾಂಶದಲ್ಲಿ ಎರಡು ಡಿಗ್ರಿ. ನಮ್ಮ ಸೀಮೆಯಲ್ಲಿ ಅದು ಉತ್ತರ-ದಕ್ಷಿಣ ಸುಮಾರು 111 ಕಿಲೋಮೀಟರ್, ಪೂರ್ವ-ಪಶ್ಚಿಮ ಸುಮಾರು 214. ಪ್ರತಿ ಚೌಕಕ್ಕೂ ಎರಡು ಅಕ್ಷರ, ಎರಡು ಅಂಕಿಯ ಹೆಸರು. ಉಪಗ್ರಹದ ಹ್ಯಾಮ್‌ಗಳು ಈ ಚೌಕಗಳನ್ನು ಹುಡುಗರು ಹಳೆಯ ನಾಣ್ಯ ಕೂಡಿಸಿದಂತೆ ಕೂಡಿಸುತ್ತಾರೆ. ನೂರು ಚೌಕ ಕೂಡಿದರೆ ಅಮೆರಿಕದ ಹ್ಯಾಮ್ ಸಂಘ ಕೊಡುವ ಪ್ರಶಸ್ತಿಪತ್ರವೂ ಇದೆ.

ನಕಾಶೆ ಹರಡಿಕೊಂಡು ನಮ್ಮ ಜಿಲ್ಲೆಯ ಚೌಕ ಯಾವುದೆಂದು ಹುಡುಕಿದ ದಿನ ನಾನು ಬೆರಗಾದೆ. ಬಾಗಲಕೋಟೆ ಬರುವುದು ಎಂಕೆ 76ರಲ್ಲಿ. ಬಾದಾಮಿ ಎಂಕೆ 75. ಹುನಗುಂದ ಎಂಕೆ 86. ಇಳಕಲ್ಲು ಎಂಕೆ 85. ಒಂದೇ ಜಿಲ್ಲೆಯ ನಾಲ್ಕು ಊರು, ನಾಲ್ಕು ಬೇರೆ ಚೌಕ! 16 ಡಿಗ್ರಿ ಅಕ್ಷಾಂಶದ ಗೆರೆ, 76 ಡಿಗ್ರಿ ರೇಖಾಂಶದ ಗೆರೆ ಎರಡೂ ನಮ್ಮ ಜಿಲ್ಲೆಯ ಮೇಲೆಯೇ ಹಾಯ್ದು, ಕರದಂಟಿನ ಅಮೀನಗಡದ ಆಗ್ನೇಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಆ ಬಿಂದುವಿನ ಮೇಲೆ ನಿಂತವನು ನಾಲ್ಕೂ ಚೌಕದಲ್ಲಿ ಒಟ್ಟಿಗೆ ನಿಂತಂತೆ. ಅಂಥ ಮೂಲೆ ಹುಡುಕಿಕೊಂಡು ನೂರಾರು ಮೈಲಿ ಕಾರು ಓಡಿಸುವ ಹ್ಯಾಮ್‌ಗಳು ಬೇರೆ ದೇಶಗಳಲ್ಲಿದ್ದಾರೆ. ನಮಗೆ ಅದು ಬಸ್ಸಿನ ದಾರಿ.

ನವನಗರದಲ್ಲಿ ನಿಂತು ‘ನಾನು ಇಲ್ಲಿದ್ದೇನೆ’ ಎನ್ನುವಾಗ ನನ್ನ ದನಿ ಸ್ವಲ್ಪ ತಡವರಿಸುತ್ತದೆ. ಇದು ‘ಇಲ್ಲಿ’ ಎಂಬುದನ್ನೇ ಕಳೆದುಕೊಂಡವರ ಊರು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಏರಿ ಬಂದಾಗ ಹಳೆ ಬಾಗಲಕೋಟೆಯ ಓಣಿಗಳು, ಮಾಳಿಗೆ ಮನೆಗಳು, ಕಟ್ಟೆಗಳು ನೀರಿಗೆ ಹೋದವು. ಜನ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದರು. ಓಣಿಯ ಹೆಸರಿದ್ದಲ್ಲಿ ಸೆಕ್ಟರ್ ನಂಬರು ಬಂತು. ಅಣೆಕಟ್ಟೆಯ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕೆಂಬ ಮಾತು ಇನ್ನೂ ನಡೆದಿದೆ. ಏರಿದರೆ ಮತ್ತಷ್ಟು ಮನೆಗಳು ‘ಮುಳುಗಡೆ’ ಎಂಬ ಆ ಒಂದು ಶಬ್ದದೊಳಗೆ ಸೇರುತ್ತವೆ. ಆದರೆ ಆಕಾಶದ ಲೆಕ್ಕದಲ್ಲಿ ಹಳೆಯ ಊರೂ ಎಂಕೆ 76, ನವನಗರವೂ ಎಂಕೆ 76. ನೀರಿನಡಿ ಹೋದ ಹೊಸ್ತಿಲು, ಈಗ ನಿಂತಿರುವ ಹೊಸ್ತಿಲು, ಎರಡಕ್ಕೂ ಒಂದೇ ವಿಳಾಸ. ಇದರಿಂದ ಹೋದ ಮನೆ ಬರುವುದಿಲ್ಲ, ಗೊತ್ತು. ಆದರೂ ಮೈಕಿನ ಗುಂಡಿ ಒತ್ತಿ ‘ಎಂಕೆ ಸೆವೆನ್ ಸಿಕ್ಸ್’ ಎಂದಾಗಲೆಲ್ಲ ಎರಡೂ ಊರುಗಳ ಪರವಾಗಿ ಹೇಳಿದ ಹಾಗಾಗುತ್ತದೆ.

ಹೇಳುವುದು ಹತ್ತು ಸೆಕೆಂಡಾದರೂ ಅದಕ್ಕೆ ಕೈ ಪಳಗಬೇಕು. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಸೊಲ್ಲಾಪುರ-ಗದಗ ಮಾರ್ಗದ ರೈಲು ಹತ್ತಿರ ಬರುವಾಗ ಸೀಟಿ ತೀಕ್ಷ್ಣ, ದಾಟಿ ಹೋಗುವಾಗ ಮಂದ. ರೇಡಿಯೊ ಅಲೆಯೂ ಹಾಗೆಯೇ. ಎಸ್‌ಒ-50 ಮಾತಾಡುವುದು 436.795 ಮೆಗಾಹರ್ಟ್ಸ್‌ನಲ್ಲಿ. ಆದರೆ ಅದು ದಿಗಂತದಿಂದ ಏಳುವಾಗ ನಾನು ಹತ್ತು ಕಿಲೋಹರ್ಟ್ಸ್‌ನಷ್ಟು ಮೇಲೆ ಕಿವಿಗೊಡಬೇಕು, ಮುಳುಗುವಾಗ ಅಷ್ಟೇ ಕೆಳಗೆ. ಉಪಗ್ರಹ ತನ್ನಷ್ಟಕ್ಕೆ ಹೊರಳುತ್ತಿರುವುದರಿಂದ ದನಿ ನಡುನಡುವೆ ಸೊರಗುತ್ತದೆ. ಆಗ ಕೀಲಿ ತಿರುಗಿಸಿದಂತೆ ಮಣಿಕಟ್ಟು ತಿರುಗಿಸಿದರೆ ದನಿ ಮರಳಿ ತುಂಬಿಕೊಳ್ಳುತ್ತದೆ. ಯಾವ ಯಂತ್ರವೂ ಕಲಿಸದ ಈ ತಿರುವನ್ನು ಕೈಯೇ ಕಲಿಯುತ್ತದೆ. ದೂರವೂ ಕ್ಷಣಕ್ಷಣ ಬದಲು. ಆರುನೂರು ಕಿಲೋಮೀಟರ್ ಎತ್ತರದ ಉಪಗ್ರಹ ದಿಗಂತದಲ್ಲಿದ್ದಾಗ ನಮ್ಮಿಂದ ಸುಮಾರು 2,800 ಕಿಲೋಮೀಟರ್ ದೂರ ಇರುತ್ತದೆ, ನೆತ್ತಿಯ ಮೇಲಿದ್ದಾಗ ಬರೀ ಆರುನೂರು. ಅದು ಅರಬ್ಬೀ ಸಮುದ್ರದ ಮೇಲಿರುವ ಹೊತ್ತಿಗೆ ನಮಗೂ ಕಾಣುತ್ತದೆ, ಅತ್ತ ದುಬೈಯವರಿಗೂ ಕಾಣುತ್ತದೆ. ಬಂಗಾಳ ಕೊಲ್ಲಿಯ ಮೇಲಿದ್ದರೆ ಸಿಂಗಪುರದವರೂ ಸಿಗಬಹುದು. ಬಾದಾಮಿಯಲ್ಲಿ ಊರೊಳಗೆ ನಿಂತರೆ ಎರಡೂ ಬದಿಯ ಕೆಂಪು ಬಂಡೆಗಳು ದಿಗಂತವನ್ನು ನುಂಗಿಬಿಡುತ್ತವೆ. ಅಲ್ಲಿ ಗುಡ್ಡ ಹತ್ತಲೇಬೇಕು. ನವನಗರದ ಬಯಲು ಈ ವಿಷಯದಲ್ಲಿ ಉದಾರಿ.

ಒಂದು ಮರ್ಯಾದೆಯನ್ನು ಮಾತ್ರ ಮೊದಲ ದಿನವೇ ಕಲಿಯಬೇಕು: ಉಪಗ್ರಹ ಕಿವಿಗೆ ಕೇಳದಿದ್ದರೆ ಮಾತಾಡಬಾರದು. ಕೇಳಿಸದೆಯೇ ಕೂಗುವವನು ಆಚೆಯವರ ಮಾತಿನ ಮೇಲೆ ಬಿದ್ದಿರುತ್ತಾನೆ, ಅದು ಅವನಿಗೇ ಗೊತ್ತಿರುವುದಿಲ್ಲ. ನಾನು ಮೊದಲ ವಾರ ಇದೇ ತಪ್ಪು ಮಾಡಿ ಇಡೀ ಒಂದು ಪಾಸ್ ಹಾಳುಮಾಡಿದ್ದೆ. ನಾವು ಮೇಲೆ ಕಳಿಸುವುದು 145 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಕೆಳಗೆ ಬರುವುದು 436ರಲ್ಲಿ. ಹೀಗಾಗಿ ಮಾತಾಡುತ್ತಿರುವಾಗಲೇ ನಮ್ಮ ದನಿ ಆಕಾಶಕ್ಕೆ ಹೋಗಿ ಮರಳಿದ್ದನ್ನು ಕೇಳಬಹುದು. ಇಳಕಲ್ಲಿನ ನೇಕಾರರಿಗೆ ಇದನ್ನು ವಿವರಿಸುವುದು ಸುಲಭ. ಅವರು ಸೀರೆಯ ಮೈಯ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಅವರು ಹೇಳುವುದು ಕೊಂಡಿ. ಒಂದು ಆವರ್ತನದಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಕಳಿಸುವ, ಉಪಗ್ರಹದೊಳಗಿನ ಟ್ರಾನ್ಸ್‌ಪಾಂಡರ್ ಮಾಡುವುದೂ ಎರಡು ಜಾತಿಯ ಎಳೆಗಳಿಗೆ ಹಾಕುವ ಕೊಂಡಿಯನ್ನೇ.

ಆ ಕೊಂಡಿಯನ್ನು ಕನ್ನಡ ನಾಡೂ ಒಮ್ಮೆ ಹಾಕಿತ್ತು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ ಕಾರ್ಟೊಸ್ಯಾಟ್-1ರ ಜೊತೆಗೆ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನೂ ಹೊತ್ತೊಯ್ದಿತು. ತೂಕ 42.5 ಕಿಲೊ. ಎರಡಡಿಗಿಂತ ತುಸು ಹೆಚ್ಚು ಉದ್ದದ ಚೌಕಾಕಾರದ ಡಬ್ಬಿ. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ‘ಉಪಗ್ರಹ ಅಮೆಚೂರ್ ರೇಡಿಯೊ ಕ್ಲಬ್’ ಎಂಬ ಹ್ಯಾಮ್‌ಗಳ ಸಂಘವಿದೆ. ಹಗಲೆಲ್ಲ ದೇಶದ ಉಪಗ್ರಹ ಕಟ್ಟುವ ಕಚೇರಿಯಲ್ಲೇ ಹವ್ಯಾಸಿಗಳ ಸಂಘ! ಇಸ್ರೊದ ಪರಿಣತಿ, ಭಾರತದ ಹ್ಯಾಮ್‌ಗಳ ಹುರುಪು ಸೇರಿ ಹ್ಯಾಮ್‌ಸ್ಯಾಟಿನ ಒಂದು ಟ್ರಾನ್ಸ್‌ಪಾಂಡರ್ ಆಯಿತು. ಇನ್ನೊಂದನ್ನು ಮಾಡಿದವರು ನೆದರ್ಲೆಂಡ್ಸ್‌ನ ಹ್ಯಾಮ್, ಆಗ ಎಂಜಿನಿಯರಿಂಗ್ ಓದುತ್ತಿದ್ದ ವಿಲಿಯಂ ಲೈಡೆಕರ್. ಕಕ್ಷೆಗೆ ಸೇರಿದ ಮೇಲೆ ಜಗತ್ತಿನ ಹ್ಯಾಮ್‌ಗಳು ಅದನ್ನು ವಿಒ-52 ಎಂದು ಕರೆದರು. ಅದು ಎಸ್‌ಒ-50ರಂತೆ ಒಬ್ಬರಾದ ಮೇಲೆ ಒಬ್ಬರು ನಡೆಯುವ ಕಾಲುದಾರಿಯಲ್ಲ. 60 ಕಿಲೋಹರ್ಟ್ಸ್ ಅಗಲದ ರಾಜಮಾರ್ಗ. ಹಲವರು ಪಕ್ಕಪಕ್ಕದಲ್ಲಿ ಬೇರೆಬೇರೆ ಮಾತಾಡಬಹುದಿತ್ತು. ಕಳಿಸುವ ಶಕ್ತಿ ಒಂದು ವಾಟ್ ಆದರೂ ಆ ದನಿ ಗಟ್ಟಿಯಾಗಿತ್ತು.

ಆ ಹೊತ್ತಿಗೆ ಅಂಡಮಾನಿನ ಸುನಾಮಿ ಎಲ್ಲರ ನೆನಪಿನಲ್ಲಿ ಹಸಿಯಾಗಿತ್ತು. 2004ರ ಡಿಸೆಂಬರಿನಲ್ಲಿ ಅಲ್ಲಿ ದೂರವಾಣಿ ಸತ್ತಾಗ ಪೋರ್ಟ್‌ಬ್ಲೇರಿನಲ್ಲಿದ್ದ ಹ್ಯಾಮ್‌ಗಳು ಸುದ್ದಿ ದಾಟಿಸಿದ್ದರು. ಹಾಗೆಂದು, ಹನ್ನೆರಡು ನಿಮಿಷ ಕಂಡು ಮರೆಯಾಗುವ ಉಪಗ್ರಹ ನೆರೆ ಬಂದ ರಾತ್ರಿ ನಮ್ಮನ್ನು ಕಾಯುತ್ತದೆ ಎಂದು ನಾನು ಹೇಳಲಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಉಕ್ಕಿದ್ದನ್ನು ಕಂಡ ಜಿಲ್ಲೆ ಇದು. ಅಂಥ ರಾತ್ರಿಗೆ ಬೇಕಾದದ್ದು ನೆಲದ ಮೇಲಿನ ಹ್ಯಾಮ್ ಕೇಂದ್ರ ಮತ್ತು ಅದನ್ನು ನಡೆಸಬಲ್ಲ ಕೈಗಳು. ಉಪಗ್ರಹ ಆ ಕೈಗಳನ್ನು ತಯಾರು ಮಾಡುತ್ತದೆ.

ಹ್ಯಾಮ್‌ಸ್ಯಾಟ್ ಒಂಬತ್ತು ವರ್ಷ ದುಡಿಯಿತು. 2014ರ ಜುಲೈ 11ರಂದು ಅದರ ಲಿಥಿಯಂ ಬ್ಯಾಟರಿ ಕೈಕೊಟ್ಟು ಮೌನವಾಯಿತು. ಯೂರೋಪಿನ ಅಡುಗೆಮನೆಗಳಲ್ಲಿ, ಜಪಾನಿನ ಮಹಡಿಗಳಲ್ಲಿ ಪ್ರತಿದಿನ ಕೇಳಿಬರುತ್ತಿದ್ದ ಬೆಂಗಳೂರಿನ ಕೈಕೆಲಸವೊಂದು ನಿಂತಿತು. ನಾನು ಆಗ ಈ ಹವ್ಯಾಸಕ್ಕೆ ಬಂದಿರಲಿಲ್ಲ. ಅದರ ದನಿ ಕೇಳದೆ ಹೋದೆನೆಂಬ ಕೊರಗು ಇವತ್ತಿಗೂ ಇದೆ.

ಆದರೆ ಈ ಲೋಕದಲ್ಲಿ ಸತ್ತವರು ಎದ್ದದ್ದೂ ಉಂಟು. ಅಮೆರಿಕದಿಂದ 1974ರ ನವೆಂಬರ್ 15ರಂದು ಹಾರಿದ ಎಒ-7 ಎಂಬ ಉಪಗ್ರಹದ ಬ್ಯಾಟರಿ 1981ರಲ್ಲಿ ಶಾರ್ಟ್ ಆಗಿ, ಉಪಗ್ರಹ ಸತ್ತಿತೆಂದು ಎಲ್ಲರೂ ಕೈಬಿಟ್ಟರು. ಇಪ್ಪತ್ತೊಂದು ವರ್ಷ ಅದು ಮೂಕವಾಗಿ ಸುತ್ತುತ್ತಲೇ ಇತ್ತು. 2002ರ ಜೂನ್ 21ರಂದು ಇಂಗ್ಲೆಂಡಿನ ಹ್ಯಾಮ್ ಒಬ್ಬರ ಕಿವಿಗೆ ಹಳೆಯ ಶೈಲಿಯ ಮೋರ್ಸ್ ಸದ್ದು ಬಿತ್ತು. ಶಾರ್ಟ್ ಆಗಿದ್ದ ಬ್ಯಾಟರಿ ಸವೆದು ಸವೆದು ಒಳಗೇ ತುಂಡಾಗಿತ್ತು. ಸೌರಫಲಕದ ವಿದ್ಯುತ್ತಿಗೆ ಅಡ್ಡಗಾಲು ಹಾಕುತ್ತಿದ್ದ ಗಂಟು ತಾನಾಗಿ ಬಿಟ್ಟಿತ್ತು. ಅಂದಿನಿಂದ ಅದು ಬಿಸಿಲಿರುವಷ್ಟು ಹೊತ್ತು ಮಾತಾಡಿ, ಭೂಮಿಯ ನೆರಳಿಗೆ ಹೋದಾಗ ಮಲಗುತ್ತದೆ. ಹ್ಯಾಮ್‌ಸ್ಯಾಟಿನ ಹಳೆಯ ಆವರ್ತನವನ್ನು ನಾನು ಆಗೀಗ ತಿರುಗಿಸಿ ಕೇಳುವುದಕ್ಕೆ ಇದೇ ಕಾರಣ.

ಬೆಂಗಳೂರಿನ ಕೆಲಸ ಹ್ಯಾಮ್‌ಸ್ಯಾಟಿಗಷ್ಟೇ ನಿಲ್ಲಲಿಲ್ಲ. 2010ರ ಜುಲೈ 12ರಂದು ಹಾರಿದ ಸ್ಟಡ್‌ಸ್ಯಾಟ್ ಅದಕ್ಕಿಂತಲೂ ಚಿಕ್ಕದು, ಒಂದು ಕಿಲೊಗಿಂತ ಕಡಿಮೆ. ಬೆಂಗಳೂರು, ಹೈದರಾಬಾದುಗಳ ಏಳು ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಕಟ್ಟಿದ್ದು. ಅದರ ಸಂಕೇತವೂ ಹ್ಯಾಮ್ ಪಟ್ಟಿಯಲ್ಲೇ ಬರುತ್ತಿತ್ತು. 2025ರ ಜುಲೈ 4ರಂದು ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಶಾಲಾಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದ್ದೂ ಹ್ಯಾಮ್ ರೇಡಿಯೊದ ಮೂಲಕವೇ. ಆ ನಿಲ್ದಾಣ ಬಾಗಲಕೋಟೆಯ ನೆತ್ತಿಯ ಮೇಲೂ ಹಾಯುತ್ತದೆ. 145.800 ಮೆಗಾಹರ್ಟ್ಸ್‌ನಲ್ಲಿ ಗಗನಯಾತ್ರಿಗಳು ಮಾತಾಡುವಾಗ ಕೇಳಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ.

ಪಾಸ್ ಕಾಯುವ ತಾಳ್ಮೆ ಇಲ್ಲದವರಿಗೆ ಇನ್ನೊಂದು ದಾರಿಯಿದೆ. ಕತಾರಿನ ಎಸ್‌ಹೈಲ್-2 ಭೂಸ್ಥಿರ ಉಪಗ್ರಹ, 2018ರ ನವೆಂಬರಿನಲ್ಲಿ ಹಾರಿದ್ದು. ಅದರೊಳಗೆ ಹ್ಯಾಮ್‌ಗಳಿಗೆಂದೇ ಕ್ಯೂಒ-100 ಎಂಬ ಟ್ರಾನ್ಸ್‌ಪಾಂಡರ್ ಇದೆ. ಬ್ರೆಜಿಲ್‌ನಿಂದ ಥಾಯ್ಲೆಂಡಿನವರೆಗಿನ ಆಕಾಶದಲ್ಲಿ ಆ ಉಪಗ್ರಹ ಹಗಲೂ ರಾತ್ರಿ ಒಂದೇ ಜಾಗದಲ್ಲಿ ನಿಂತಂತಿರುತ್ತದೆ. ನವನಗರದ ಮಾಳಿಗೆಗಳ ಡಿಡಿ ಫ್ರೀ ಡಿಶ್ ತಟ್ಟೆಗಳೆಲ್ಲ ಆಗ್ನೇಯಕ್ಕೆ ನೋಡುತ್ತವೆ. ಮೂಲೆ ಸೇರಿದ ಅಂಥ ಒಂದು ಹಳೆಯ ತಟ್ಟೆಯನ್ನು ಪಡುವಣದಿಂದ ತುಸು ತೆಂಕಕ್ಕೆ ತಿರುಗಿಸಿ, ದಿಗಂತದಿಂದ ಮೂವತ್ತು ಡಿಗ್ರಿ ಎತ್ತಿ, ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಜೋಡಿಸಿದರೆ ಮೂರು ಖಂಡಗಳ ಮಾತು ಕೇಳುತ್ತದೆ. ಕಾಲೇಜು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಭಾನುವಾರದ ಕೆಲಸವನ್ನು ನಾನು ಕಾಣೆ.

ಮಾತಾಡಲು ಮಾತ್ರ ಪರವಾನಗಿ ಬೇಕೇ ಬೇಕು. ಹನ್ನೆರಡು ವರ್ಷ ತುಂಬಿದವರು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ಆರಂಭದ ದರ್ಜೆಯ ಪರೀಕ್ಷೆಗೆ ಮೋರ್ಸ್ ಕಲಿಯಬೇಕಿಲ್ಲ, ಎಸ್‌ಎಸ್‌ಎಲ್‌ಸಿ ವಿಜ್ಞಾನ ಗಟ್ಟಿಯಿದ್ದರೆ ಅರ್ಧ ಹೊಳೆ ದಾಟಿದಂತೆ. ಪಾಸಾದರೆ ‘ವಿಯು’ ಎಂದು ಶುರುವಾಗುವ ಕರೆಸಂಕೇತ, ಜಗತ್ತಿನಲ್ಲಿ ಬೇರೆ ಯಾರಿಗೂ ಇರದ ಹೆಸರು, ಸಿಗುತ್ತದೆ.

ಆ ಸಂಜೆ ಪಾಸ್ ಮುಗಿಯುವ ಹೊತ್ತಿಗೆ ಹುಡುಗರು ಮಾಳಿಗೆ ಹತ್ತಿ ಬಂದಿದ್ದರು. ‘ಅಂವಾ ಯಾವೂರಾಂವ ಅಂದ್ರಿ?’ ಎಂದು ಒಬ್ಬ ಕೇಳಿದ. ಚೌಕ ಬರೆದುಕೊಂಡಿದ್ದ ಪುಸ್ತಕ ತೋರಿಸಿದೆ. ಅವರೇ ನಕಾಶೆಯಲ್ಲಿ ಬೆರಳಿಟ್ಟು ಹುಡುಕಿದರು. ಆಮೇಲೆ ಇಳಕಲ್ಲಿನಲ್ಲಿ ಅಜ್ಜಿಮನೆ ಇರುವ ಹುಡುಗ ತನ್ನ ಅಜ್ಜಿಯ ಚೌಕ ಬೇರೆ ಎಂದು ಗೊತ್ತಾಗಿ ಹಿಗ್ಗಿದ.

ಬಿಳಿಜೋಳದ ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಅಮೀನಗಡದ ಆ ಮೂಲೆಗೆ ಹೋಗುವುದೆಂದು ಮಾತಾಗಿದೆ. ಜಿಪಿಎಸ್ ಹಿಡಿದು ಬಿಂದು ಗುರುತಿಸಬೇಕು, ಹೊಲದವರ ಅಪ್ಪಣೆ ಕೇಳಬೇಕು, ಪಾಸಿನ ಹೊತ್ತು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಬೇಕು. ಅಲ್ಲಿ ನಿಂತು ಒಬ್ಬೊಬ್ಬರಿಗೆ ಸಿಗುವ ಹತ್ತೇ ಸೆಕೆಂಡಿನಲ್ಲಿ ಒಂದಲ್ಲ, ನಾಲ್ಕು ಹೆಸರು ಹೇಳಬೇಕು: ಎಂಕೆ 75, 76, 85, 86. ಒಂದೇ ಉಸಿರಿನಲ್ಲಿ ಹೇಳಲು ನಾನೂ ಹುಡುಗರೂ ಈಗಿನಿಂದಲೇ ರೂಢಿ ಮಾಡುತ್ತಿದ್ದೇವೆ.