ತಾತಗುಣಿ ಎಸ್ಟೇಟ್

ತಾತಗುಣಿ ಎಸ್ಟೇಟ್ ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿ, ಬೆಂಗಳೂರು ದಕ್ಷಿಣ ತಾಲ್ಲೂಕಿನಲ್ಲಿರುವ ಸುಮಾರು 470 ಎಕರೆ ವಿಸ್ತೀರ್ಣದ ತೋಟ. ರಷ್ಯನ್ ಮೂಲದ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ (1904–1993) ಹಾಗೂ ಅವರ ಪತ್ನಿ, ಹಿಂದಿ ಚಿತ್ರರಂಗದ ನಟಿ ದೇವಿಕಾರಾಣಿ (1908–1994) ಇದರ ಒಡೆಯರಾಗಿದ್ದರು. ರೋರಿಕ್ ಎಸ್ಟೇಟ್ ಎಂಬ ಹೆಸರೂ ರೂಢಿಯಲ್ಲಿದೆ. ಮಕ್ಕಳಿಲ್ಲದ ಈ ದಂಪತಿಯ ಆಸ್ತಿಯ ಒಂದು ಪಾಲು ಮಾಸ್ಕೋದಲ್ಲಿ, ಇನ್ನೊಂದು ಪಾಲು ಕರ್ನಾಟಕದಲ್ಲಿ ದೀರ್ಘ ವಿವಾದಕ್ಕೆ ಒಳಗಾಯಿತು.

ಕುಟುಂಬದ ಹಿನ್ನೆಲೆ

ಸ್ವೆತೊಸ್ಲಾವ್ ಅವರ ತಂದೆ ನಿಕೊಲಸ್ ರೋರಿಕ್ (1874–1947) ಸೇಂಟ್ ಪೀಟರ್ಸ್‌ಬರ್ಗ್‌ನ ಹೆಸರಾಂತ ಕಲಾವಿದರು. 1913ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡ ಸ್ಟ್ರಾವಿನ್‌ಸ್ಕಿಯವರ 'ವಸಂತದ ವಿಧಿ' ನೃತ್ಯರೂಪಕದ ರಂಗಸಜ್ಜಿಕೆ ಅವರದೇ. 1917ರ ಕ್ರಾಂತಿಯ ಕಾಲದಲ್ಲಿ ಕುಟುಂಬವು ಲಾಡೊಗಾ ಸರೋವರದ ಉತ್ತರ ದಂಡೆಯ ಸೊರ್ತವಾಲಾ ಪಟ್ಟಣದಲ್ಲಿ ನೆಲೆಸಿತ್ತು. ಆಗ ಆ ಪಟ್ಟಣ ರಷ್ಯನ್ ಸಾಮ್ರಾಜ್ಯದ ಅಧೀನದಲ್ಲಿದ್ದ ಫಿನ್‌ಲೆಂಡಿಗೆ ಸೇರಿತ್ತು. 1917ರ ಡಿಸೆಂಬರ್‌ನಲ್ಲಿ ಫಿನ್‌ಲೆಂಡ್ ಸ್ವಾತಂತ್ರ್ಯ ಘೋಷಿಸಿಕೊಂಡಾಗ ರೋರಿಕ್ ಕುಟುಂಬವು ಮನೆ ಬಿಟ್ಟು ಕದಲದೆಯೇ ಪರದೇಶದ ನಿವಾಸಿಯಾಯಿತು. ಎರಡನೆಯ ಮಹಾಯುದ್ಧದ ನಂತರ ಗಡಿ ಮತ್ತೆ ಸರಿದು, ಅದೇ ಸೊರ್ತವಾಲಾ ಇಂದು ರಷ್ಯಾದ ಕರೇಲಿಯಾ ಗಣರಾಜ್ಯದಲ್ಲಿದೆ.

ಲಂಡನ್ ಮತ್ತು ಅಮೆರಿಕದ ವಾಸದ ನಂತರ ನಿಕೊಲಸ್ 1923ರಲ್ಲಿ ಭಾರತಕ್ಕೆ ಬಂದರು. ಮಧ್ಯ ಏಷ್ಯಾ ಯಾತ್ರೆಯ ನಡುವೆ 1926ರಲ್ಲಿ ಮಾಸ್ಕೋಗೆ ಹೋಗಿ ವಿದೇಶಾಂಗ ಕಮಿಸಾರ್ ಚಿಚೆರಿನ್ ಅವರನ್ನು ಭೇಟಿಯಾದದ್ದು ಅವರ ಬದುಕಿನ ಅತ್ಯಂತ ಚರ್ಚಿತ ಘಟನೆ. ದೇಶಭ್ರಷ್ಟ ರಷ್ಯನ್ನರಲ್ಲಿ ಅನೇಕರು ಇದನ್ನು ಬೊಲ್ಶೆವಿಕರೊಡನೆ ಮಾಡಿಕೊಂಡ ರಾಜಿಯೆಂದು ಕಂಡರು. ಬ್ರಿಟಿಷ್ ಅಧಿಕಾರಿಗಳು ಅವರನ್ನು ಸೋವಿಯತ್ ಗೂಢಚಾರರೆಂದು ಶಂಕಿಸಿದರು. ಅವರನ್ನು 'ಬಿಳಿ ರಷ್ಯನ್' ಎನ್ನುವುದಾಗಲಿ 'ಕೆಂಪು ರಷ್ಯನ್' ಎನ್ನುವುದಾಗಲಿ ಸರಿಹೊಂದದು. 1928ರಿಂದ ಕುಟುಂಬವು ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿತು. 1942ರಲ್ಲಿ ಜವಾಹರಲಾಲ್ ನೆಹರೂ ಮತ್ತು ಇಂದಿರಾ ಗಾಂಧಿ ಅಲ್ಲಿ ಅತಿಥಿಗಳಾಗಿದ್ದರು. ಹಿರಿಯ ಮಗ, ಟಿಬೆಟ್ ವಿದ್ವಾಂಸ ಯೂರಿ ರೋರಿಕ್ 1957ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಮರಳಿದರು. ಕಿರಿಯರಾದ ಸ್ವೆತೊಸ್ಲಾವ್ ಭಾರತದಲ್ಲಿಯೇ ಉಳಿದರು.

ಕನಕಪುರ ರಸ್ತೆಯ ತೋಟ

ಬಾಂಬೆ ಟಾಕೀಸ್ ಸಂಸ್ಥೆಯನ್ನು ನಡೆಸಿದ್ದ ದೇವಿಕಾರಾಣಿಯವರನ್ನು ಸ್ವೆತೊಸ್ಲಾವ್ 1945ರಲ್ಲಿ ವಿವಾಹವಾದರು. ದಂಪತಿ ಕೆಲಕಾಲ ಕುಲುವಿನಲ್ಲಿದ್ದು ಬಳಿಕ ಬೆಂಗಳೂರಿಗೆ ಬಂದು, 1954ರಲ್ಲಿ ಬ್ರಿಟಿಷ್ ಪ್ರಜೆಯೊಬ್ಬರಿಂದ ತಾತಗುಣಿಯ ಜಮೀನನ್ನು ಕೊಂಡರು. ತೋಟದ ಮುಖ್ಯ ಬೆಳೆ ಲಿನಲೋ. ಮೆಕ್ಸಿಕೊ ಮೂಲದ ಈ ಮರದ ಕಾಯಿಯಿಂದ ಬಟ್ಟಿ ಇಳಿಸುವ ತೈಲವನ್ನು ಸುಗಂಧದ್ರವ್ಯ ಹಾಗೂ ಸಾಬೂನಿನ ತಯಾರಿಕೆಯಲ್ಲಿ ಬಳಸುತ್ತಾರೆ.

ಸ್ವೆತೊಸ್ಲಾವ್ ಅವರಿಗೆ 1961ರಲ್ಲಿ ಪದ್ಮಭೂಷಣ ದೊರೆಯಿತು. ದೇವಿಕಾರಾಣಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೊದಲಿಗರು. ಸ್ವೆತೊಸ್ಲಾವ್ ಚಿತ್ರಿಸಿದ ನೆಹರೂ ಭಾವಚಿತ್ರ ಸಂಸತ್ ಭವನದಲ್ಲಿದೆ. ತಂದೆ-ಮಗನ ಚಿತ್ರಗಳ ಸಂಗ್ರಹವನ್ನು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ನೋಡಬಹುದು.

ಮಾಸ್ಕೋಗೆ ಹೋದ ಪಾಲು

1960ರಲ್ಲಿ ಸ್ವೆತೊಸ್ಲಾವ್ ಅವರ ಚಿತ್ರಗಳು ಮಾಸ್ಕೋ ಮತ್ತು ಲೆನಿನ್‌ಗ್ರಾಡ್‌ಗಳಲ್ಲಿ ಪ್ರದರ್ಶನಗೊಂಡವು. ಗೊರ್ಬಚೆವ್ ಅವರೊಡನೆ 1987ರಲ್ಲಿ ನಡೆದ ಭೇಟಿಯ ಬಳಿಕ, 1989ರಲ್ಲಿ ಸೋವಿಯತ್ ರೋರಿಕ್ ನಿಧಿ ಸ್ಥಾಪನೆಯಾಯಿತು. ಮರುವರ್ಷ ತಂದೆ-ತಾಯಿಯ ಹಸ್ತಪ್ರತಿಗಳು ಹಾಗೂ ಅನೇಕ ಚಿತ್ರಗಳು ಬೆಂಗಳೂರಿನಿಂದ ಮಾಸ್ಕೋಗೆ ಸಾಗಿದವು. ಒಂದೇ ವರ್ಷದಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಸೋವಿಯತ್ ನಿಧಿಗೆ ಕೊಟ್ಟ ಸೊತ್ತಿಗೆ ಅದರ ಜಾಗದಲ್ಲಿ ಬಂದ 'ಅಂತರರಾಷ್ಟ್ರೀಯ ರೋರಿಕ್ ಕೇಂದ್ರ' ಹಕ್ಕುದಾರನೇ ಅಥವಾ ರಷ್ಯನ್ ಸರ್ಕಾರವೇ ಎಂಬ ಜಗಳ ನ್ಯಾಯಾಲಯಗಳನ್ನು ಸುತ್ತಿತು. 2017ರಲ್ಲಿ ಕೇಂದ್ರದ ವಶದಲ್ಲಿದ್ದ ಲೊಪುಖಿನ್ ಭವನವನ್ನು ಸರ್ಕಾರಿ ಪೌರ್ವಾತ್ಯ ಕಲಾ ವಸ್ತುಸಂಗ್ರಹಾಲಯವು ತನ್ನ ಅಧೀನಕ್ಕೆ ತೆಗೆದುಕೊಂಡಿತು.

ಸ್ವಾಧೀನ ಮತ್ತು ಮೊಕದ್ದಮೆ

ಸ್ವೆತೊಸ್ಲಾವ್ 1993ರ ಜನವರಿ 30ರಂದು, ದೇವಿಕಾರಾಣಿ 1994ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಿಧನರಾದರು. ತೋಟದ ಒಂದು ಭಾಗವನ್ನು ದಂಪತಿಯಿಂದ ತಾನು ಕ್ರಯಕ್ಕೆ ಪಡೆದಿರುವುದಾಗಿ ಕೆ. ಟಿ. ಪ್ಲಾಂಟೇಷನ್ ಎಂಬ ಕಂಪನಿ ಹಕ್ಕು ಮಂಡಿಸಿತು. ರಾಜ್ಯ ಶಾಸನಸಭೆಯು 1996ರಲ್ಲಿ ರೋರಿಕ್ ಮತ್ತು ದೇವಿಕಾರಾಣಿ ರೋರಿಕ್ ಎಸ್ಟೇಟ್ (ಸ್ವಾಧೀನ ಮತ್ತು ವರ್ಗಾವಣೆ) ಅಧಿನಿಯಮವನ್ನು ಅಂಗೀಕರಿಸಿತು. ಇಬ್ಬರು ವ್ಯಕ್ತಿಗಳ ಒಂದೇ ಆಸ್ತಿಗಾಗಿ ರೂಪಿಸಿದ ಕಾನೂನು ಎಂಬುದು ಇದರ ವಿಶೇಷ.

ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಾಂವಿಧಾನಿಕ ಪೀಠದವರೆಗೂ ಹೋಯಿತು. 2011ರ ಆಗಸ್ಟ್ 9ರ ತೀರ್ಪು ಅಧಿನಿಯಮವನ್ನು ಎತ್ತಿಹಿಡಿಯಿತು. ಕಾಫಿ, ಚಹಾ, ರಬ್ಬರ್‌ಗಳಂತೆ ಲಿನಲೋವನ್ನೂ ಭೂಸುಧಾರಣಾ ಕಾಯ್ದೆಯ ವಿನಾಯಿತಿಗೆ ಒಳಪಡುವ ತೋಟದ ಬೆಳೆಯೆಂದು ಪರಿಗಣಿಸಬೇಕೆಂಬ ವಾದವನ್ನು ಪೀಠ ಒಪ್ಪಲಿಲ್ಲ. ಆಸ್ತಿಯ ಹಕ್ಕು 1978ರ ತಿದ್ದುಪಡಿಯಿಂದ ಮೂಲಭೂತ ಹಕ್ಕಾಗಿ ಉಳಿದಿಲ್ಲವಾದರೂ, 300ಎ ವಿಧಿಯ ಅಡಿಯಲ್ಲಿ ಆಸ್ತಿಯನ್ನು ಕಸಿಯಲು ಕಾನೂನಿನ ಆಧಾರವೂ ಸಾರ್ವಜನಿಕ ಉದ್ದೇಶವೂ ಇರಲೇಬೇಕು. ಪರಿಹಾರದ ಹಕ್ಕು ಆ ವಿಧಿಯಲ್ಲಿಯೇ ಅಂತರ್ಗತವಾಗಿದೆ ಎಂದು ಪೀಠ ಹೇಳಿತು. ದೇಶದ ಬೇರೆಡೆಯ ಭೂಸ್ವಾಧೀನದ ಮೊಕದ್ದಮೆಗಳಲ್ಲಿ ಕೆ. ಟಿ. ಪ್ಲಾಂಟೇಷನ್ ಪ್ರಕರಣವನ್ನು ಉಲ್ಲೇಖಿಸುವುದು ಈ ವಿವರಣೆಯ ಕಾರಣದಿಂದ. ಎಸ್ಟೇಟ್ ರಾಜ್ಯ ಸರ್ಕಾರದ ವಶದಲ್ಲಿದ್ದು, ದಂಪತಿಯ ಸಮಾಧಿಗಳು ತೋಟದ ಒಳಗಿವೆ.